ಸುಳ್ಳು ಕಚ್ಚು

ಹಲ್ಲಿನ ಸೆಟ್ ಮಾಡುವ ಗುಲಾಬಿ ಪುಡಿಗೆ ಒಂದು ದ್ರವ ಬೆರೆಸುತ್ತಾರೆ. ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಅದರ ವಾಸನೆ ನೇರ ಮೂಗಿನ ಬುಡಕ್ಕೆ ಹೋಗಿ ಕೂರುತ್ತದೆ. ಉಗುರಿನ ಬಣ್ಣದ ವಾಸನೆ ಅನ್ನುತ್ತಾರೆ ನನ್ನ ಜೊತೆಯವರು. ನನಗೆ ಹಾಗನ್ನಿಸಿದ್ದಿಲ್ಲ. ನನಗದು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಕಿರಾಣಿ ಅಂಗಡಿಯ ಪಕ್ಕದಿಂದ ಮೇಲೆ ಹತ್ತುವ ಇಕ್ಕಟ್ಟಾದ ಮೆಟ್ಟಿಲಿನ ವಾಸನೆ. ಹೋದ ಸೋಮವಾರ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಯಾರದೋ ಕೈಜಾರಿ ಆ ಬಾಟಲಿ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನಾನು ಓಡಲಿಲ್ಲ...

ನೆನಪು ನಂಬಲರ್ಹ ಸಾಕ್ಷಿಯಲ್ಲ ಎಂದು ಚರ್ಚಾಸ್ಪರ್ಧೆಯೊಂದರಲ್ಲಿ ವಾದಿಸಿ ಕಪ್ ತಂದವಳು ನಾನು. ಹಾಗಾಗಿ ಇಲ್ಲಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನುತ್ತೇನೆ.

ಆ ಮೆಟ್ಟಿಲಿನ ಮೇಲೆ ಕೆಲಸ ಮಾಡುತ್ತಿದ್ದವರು ನಮ್ಮ ಮನೆಯ ಹಿಂದಿನ ಮನೆಯವರು. ರಕ್ತಸಂಬಂಧ ಏನೂ ಇರಲಿಲ್ಲ. ಓಣಿಗೆಲ್ಲ ಅವರು ‘ಹಲ್ಲಿನ ಮಾಮ’. ಡಾಕ್ಟರಲ್ಲ. ಶಿಕಾರಿಪುರ, ಸೊರಬ, ಆನವಟ್ಟಿಯ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಆ ಮೆಟ್ಟಿಲಿನ ಮೇಲಿನ ಕೋಣೆಯಲ್ಲಿ ಕೂತು ಸೆಟ್ ಮಾಡಿಕೊಡುತ್ತಿದ್ದರು. ಮಾಡಿದ್ದನ್ನು ಬಸ್ಸಿನಲ್ಲಿ ತಾವೇ ಒಯ್ದು ಕೊಡುತ್ತಿದ್ದರು, ಮೂರು ಡಬ್ಬಿಯ ಸ್ಟೀಲಿನ ಊಟದ ಕ್ಯಾರಿಯರಿನಲ್ಲಿ. ಒಂದೊಂದು ಡಬ್ಬಿಯಲ್ಲಿ ಒಬ್ಬೊಬ್ಬರ ಬಾಯಿ. ಸೊರಬದ ಬಸ್ಸಿನ ಕಂಡಕ್ಟರ್ ಇವತ್ತೇನು ಪಲ್ಯ ಮಾಮ ಎಂದು ಕೇಳುವುದು, ಇವರು ಮುಖ ಸಡಿಲಿಸದೆ ‘ಇಪ್ಪತ್ತೆಂಟು ಅವರೆಕಾಳು’ ಅನ್ನುವುದು, ಆ ಬಸ್ಸಿನಲ್ಲಿ ದಿನವೂ ಓಡಾಡುವವರಿಗೆಲ್ಲ ಬಾಯಿಪಾಠವಾಗಿತ್ತು. ಒಂದು ಪೂರ್ತಿ ಸೆಟ್ಟಿಗೆ ಹಲ್ಲು ಇಪ್ಪತ್ತೆಂಟು.

ನನ್ನ ಚರ್ಚಾಸ್ಪರ್ಧೆಗಳ ತಾಲೀಮು ನಡೆಯುತ್ತಿದ್ದದ್ದು ಅವರ ಲ್ಯಾಬಿನಲ್ಲಿ. ಕಾರಣ ಸರಳ. ಉಜ್ಜುವಾಗ ಧೂಳು ಹೋಗಬಾರದೆಂದು ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು. ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳುವ ಮನುಷ್ಯ ಊರಲ್ಲಿ ಅವರೊಬ್ಬರೇ. ನಾನು ಕಿಟಕಿಗೆ ಬೆನ್ನು ಕೊಟ್ಟು, ಕೈ ಎತ್ತಿ, ಇಲ್ಲದ ಸಭೆಗೆ ನಮಸ್ಕಾರ ಮಾಡಿ ಶುರು ಮಾಡುತ್ತಿದ್ದೆ. ಮುಗಿದ ಮೇಲೆ ಅವರು ಬಟ್ಟೆ ಇಳಿಸಿ ಎರಡೇ ಮಾತು ಹೇಳುತ್ತಿದ್ದರು.

“ಚಲೋ ಆತು. ಈಗ ಆ ಕಡೆದು ಹೇಳು.”

ಆ ಕಡೆಯದು ಎಂದರೆ ವಿರೋಧ ಪಕ್ಷದ ವಾದ. ಮೊಬೈಲು ಬೇಡ ಎಂದು ಐದು ನಿಮಿಷ ಕೂಗಿದವಳು ಮೊಬೈಲು ಬೇಕು ಎಂದು ಮತ್ತೆ ಐದು ನಿಮಿಷ ಕೂಗಬೇಕು. ಇದು ಎಷ್ಟು ಅಭ್ಯಾಸವಾಯಿತೆಂದರೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಯಾವ ಕಡೆ ಕೊಟ್ಟರೂ ಗೆಲ್ಲುತ್ತಿದ್ದೆ. ನನ್ನದೇ ಕಡೆ ಯಾವುದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹಾಗಿರುವಾಗ ಆ ವಾರ ಬಂತು.

ದಂತವೈದ್ಯಕೀಯಕ್ಕೆ ನನಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ನಮ್ಮದೇ ರಾಜ್ಯದ ಸರ್ಕಾರಿ ಕಾಲೇಜು. ಫೀಸು ಕಡಿಮೆ, ಕಟ್ಟಡ ಹಳೆಯದು, ಹೆಸರು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇನ್ನೊಂದು ಹೊರರಾಜ್ಯದ ದೊಡ್ಡ ಖಾಸಗಿ ಕಾಲೇಜು. ಅದರ ಹೆಸರು ಹೇಳಿದಾಗ ನಮ್ಮೂರಿನ ಹಲ್ಲಿನ ಡಾಕ್ಟರೊಬ್ಬರು ಕುರ್ಚಿಯಿಂದ ಎದ್ದು ನನ್ನ ಕೈ ಕುಲುಕಿದ್ದರು. ಫೀಸು ಕೇಳಿ ಮತ್ತೆ ಕೂತಿದ್ದರು.

ನಮ್ಮಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅವರು ಸುತ್ತು ಎಣಿಸುತ್ತಿದ್ದಾಗ ನಾನು ಎದುರಿನ ಸ್ಟೂಲಿನ ಮೇಲೆ ಕೂತು ದೊಡ್ಡ ಕಾಲೇಜಿನ ಪರ ವಾದ ಮಾಡಿದೆ. ಹೆಸರಿದ್ದರೆ ಬಾಗಿಲು ತಾನಾಗಿ ತೆರೆಯುತ್ತದೆ, ಅಲ್ಲಿ ಓದಿದವರು ಎಲ್ಲೆಲ್ಲಿದ್ದಾರೆ, ಅಲ್ಲಿನ ಯಂತ್ರಗಳು ಇಲ್ಲಿಗೆ ಬರಲು ಎಷ್ಟು ವರ್ಷ ಬೇಕು, ಖರ್ಚು ಎನ್ನುವುದು ಖರ್ಚಲ್ಲ... ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತಿಗೆ ನಾನೇ ಬಿಸಿಯಾದೆ. ಅಪ್ಪ ಎಣಿಕೆ ತಪ್ಪಿ ತಂತಿಯನ್ನು ಬಿಚ್ಚಿ ಮತ್ತೆ ಮೊದಲಿಂದ ಸುತ್ತಿದರು. ಕೊನೆಗೆ ಸೊರಬ ರಸ್ತೆಯ ಸೈಟು ಕೊಟ್ಟುಬಿಡೋಣ ಎಂದರು. ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಸೈಟು ಅದು. ನಾವು ಬಾಡಿಗೆ ಮನೆಯಲ್ಲಿದ್ದೆವು, ಈಗಲೂ ಇದ್ದೇವೆ.

ಗೆದ್ದೆ. ಎದ್ದು ಬರುವಾಗ ಅಪ್ಪನ ಕಡೆ ತಿರುಗಿ ನೋಡಲಾಗಲಿಲ್ಲ. ಗೆದ್ದಾಗ ಒಮ್ಮೊಮ್ಮೆ ಹಾಗಾಗುತ್ತದೆ ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಗಡುವು. ವೆಬ್‌ಸೈಟಿನಲ್ಲಿ ನಾಲ್ಕು ಆಯ್ಕೆಗಳು, ನನಗೆ ಬೇಕಾದವು ಎರಡೇ. ಒಂದು ಒತ್ತಿದರೆ ಸರ್ಕಾರಿ ಸೀಟು ನನ್ನದು, ಅಸಲು ಅಂಕಪಟ್ಟಿಗಳನ್ನು ಅಲ್ಲಿಗೇ ಕೊಡಬೇಕು, ದೊಡ್ಡ ಕಾಲೇಜು ಹೋಯಿತು. ನಾಲ್ಕು ಒತ್ತಿದರೆ ಸರ್ಕಾರಿ ಸೀಟು ಬೇರೆಯವರಿಗೆ, ಮತ್ತೆ ಕೇಳುವ ಹಾಗಿಲ್ಲ. ಏನೂ ಒತ್ತದಿದ್ದರೂ ನಾಲ್ಕೇ, ಮೇಲಾಗಿ ಕಟ್ಟಿದ ಠೇವಣಿಯೂ ಹೋಯಿತು. ಒತ್ತಿದ ಮೇಲೆ ನೋಂದಾಯಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಆ ಮೊಬೈಲು ಅಮ್ಮನದು.

ಅಮ್ಮ ಸೊರಬದಲ್ಲಿ ಪ್ರೈಮರಿ ಶಾಲೆಯ ಟೀಚರು, ಊರೂ ಆ ಕಡೆಯದೇ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಸೈಟಿನ ಮಾತು ಕೇಳಿದ ಮೇಲೆ ಅವರು ನನ್ನೊಡನೆ ವಾದಕ್ಕೆ ಇಳಿಯಲಿಲ್ಲ. ಒಂದೇ ಷರತ್ತು ಹಾಕಿದರು. “ಓಟಿಪಿನ ಫೋನಲ್ಲಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನೋರೇ ಹೇಳ್ತಾರೆ. ನೀನು ಸೊರಬಕ್ಕೆ ಬಾ. ನನ್ನೆದುರು ಕೂತ್ಕಂಡು ಒತ್ತು.” ನಾನು ನಿಮ್ಮ ಮಗಳು, ಕಳ್ಳಿಯಲ್ಲ ಎಂದೆ. ಅದು ಒತ್ತಿದ ಮೇಲೆ ಗೊತ್ತಾಗುತ್ತದೆ ಎಂದರು.

ಬುಧವಾರ ಮಧ್ಯಾಹ್ನ ನಾನು ದೊಡ್ಡ ಕಾಲೇಜಿನ ಬಣ್ಣದ ಪುಸ್ತಿಕೆ ಹಿಡಿದು ಮೆಟ್ಟಿಲು ಹತ್ತಿದೆ. ಅಮ್ಮ ಮಾಮನಿಗೆ ಹೇಳಿಟ್ಟಿದ್ದಾರೆ ಎಂಬ ಗುಮಾನಿ ನನಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಗೆದ್ದುಬಿಡಬೇಕು ಎಂದು ಹೋದದ್ದು. ಅವರು ಯಾರದೋ ಕೆಳದವಡೆಯ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಅಚ್ಚು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿ, ಪುಸ್ತಿಕೆ ತೆಗೆದುಕೊಂಡು ಒಂದೊಂದೇ ಹಾಳೆ ಮಗುಚಿದರು. ಬಹಳ ಹೊತ್ತು ನೋಡಿದರು. ನಾನು ಆಗಲೇ ಮೂರನೆಯ ಅಂಶಕ್ಕೆ ಬಂದಿದ್ದೆ.

“ಲ್ಯಾಬಿನ ಫೋಟೊ ಹಾಕಿಲ್ಲಲ ಇದರಾಗೆ” ಎಂದರು.

ಗ್ರಂಥಾಲಯ ಇದೆ, ಈಜುಕೊಳ ಇದೆ ಎಂದೆ. ಅವರು ತಲೆಯಾಡಿಸಿ, ಹಿಂದಿನ ಗೇಟಿನ ಬಾದಾಮಿ ಮರ ಇನ್ನೂ ಇದೆಯೋ ಏನೋ ಅಂದ ಹಾಗಿತ್ತು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ವಿಷಯಾಂತರ ಮಾಡುವವರ ಮಾತನ್ನು ಕೇಳಿಸಿಕೊಳ್ಳಬಾರದು ಎಂದು ನನಗೆ ನಾನೇ ಕಲಿಸಿಕೊಂಡಿದ್ದೆ.

ಮಾತು ಮುಗಿಸಿದೆ. ಅವರು ಚಲೋ ಆತು ಎಂದರು. ಆಮೇಲೆ, ನಾನು ನಿರೀಕ್ಷಿಸಿದ್ದ ಹಾಗೆಯೇ, ಈಗ ಆ ಕಡೆದು ಹೇಳು ಎಂದರು.

ಎಂಟು ವರ್ಷದಲ್ಲಿ ಮೊದಲ ಸಲ ನಾನು ಆಗುವುದಿಲ್ಲ ಎಂದೆ. ಇದು ಸ್ಪರ್ಧೆಯಲ್ಲ, ನನ್ನ ಬದುಕು ಎಂದೆ. ಅದಕ್ಕೇ ಹೇಳು ಅಂದಿದ್ದು ಎಂದರು ಅವರು. ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಏನು ಹೇಳಿಕೊಟ್ಟಿದ್ದಾರೆ ಎಂದು ಕೇಳಿದೆ. ಏನೂ ಇಲ್ಲ ಎಂದರು. ಹಾಗಾದರೆ ನಿಮ್ಮ ಅಭಿಪ್ರಾಯ ಹೇಳಿ, ಆ ಕಾಲೇಜು ಒಳ್ಳೆಯದಲ್ಲವೇ ಎಂದು ಕೇಳಿದೆ. ಅವರು ಅಚ್ಚನ್ನು ಮತ್ತೆ ಕೈಗೆತ್ತಿಕೊಂಡರು. ಆಗ ನಾನು ಹೇಳಿದ ಮಾತು ಇಷ್ಟು ವರ್ಷವಾದರೂ ಒಂದಕ್ಷರ ಮರೆತಿಲ್ಲ. ನೆನಪು ನಂಬಲರ್ಹವಲ್ಲ ಅನ್ನುವ ನನ್ನ ವಾದ ಇಲ್ಲಿ ಸೋಲುತ್ತದೆ.

“ನೀವು ಡಾಕ್ಟರಲ್ಲ ಮಾಮ. ಅಂಥ ಕಾಲೇಜಿನ ವಿಷಯ ನಿಮಗೇನು ಗೊತ್ತು?”

ಅವರು ಅಚ್ಚಿನ ಮೇಲಿದ್ದ ಪ್ಲಾಸ್ಟರಿನ ಚೂರೊಂದನ್ನು ಉಗುರಿನಿಂದ ಕೆರೆದು ತೆಗೆದರು. “ಅದು ಖರೆ” ಎಂದರು. ಬಾಯಿಗೆ ಬಟ್ಟೆ ಏರಿಸಿ ಉಜ್ಜುವ ಯಂತ್ರ ಶುರು ಮಾಡಿದರು. ಅದರ ಸದ್ದಿನಲ್ಲಿ ನಾನು ಮೆಟ್ಟಿಲಿಳಿದೆ.

ಗುರುವಾರ ಹತ್ತರ ಬಸ್ಸು. ಹತ್ತಿ ನೋಡಿದರೆ ಡ್ರೈವರಿನ ಹಿಂದಿನ ಸೀಟಿನಲ್ಲಿ ಮಾಮ, ತೊಡೆಯ ಮೇಲೆ ಕ್ಯಾರಿಯರು. ಬೇರೆಲ್ಲೂ ಜಾಗವಿರಲಿಲ್ಲ. ಅವರು ಸರಿದು ಕೂತರು. ನಾನು ಕೂತೆ. ಕಂಡಕ್ಟರ್ ಪಲ್ಯದ ಪ್ರಶ್ನೆ ಕೇಳಿದ, ಅವರು ಅವರೆಕಾಳಿನ ಉತ್ತರ ಹೇಳಿದರು, ಹಿಂದಿನವರು ನಕ್ಕರು. ನಾವಿಬ್ಬರೂ ನಗಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತದ್ದು ನಿಂತೇಬಿಟ್ಟಿತು. ಹಿಂದಿನ ಟೈರು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಅಪ್ಪನ ಫೋನು ಬಂತು. ಸೈಟು ಕೊಳ್ಳುವವರು ಎರಡಕ್ಕೆ ಅಂಗಡಿಗೆ ಬರುತ್ತಾರಂತೆ, ನಾನು ಒತ್ತಿ ಫೋನು ಮಾಡಿದರೆ ಅಪ್ಪ ಮುಂಗಡ ಇಸಿದುಕೊಳ್ಳುತ್ತಾರಂತೆ. ದನಿಯಲ್ಲಿ ಹುರುಪಿತ್ತು. ಅವರು ಹೊಸ ಅಂಗಿ ಹಾಕಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಹೂಂ ಅಪ್ಪ, ಹೂಂ ಎಂದು ಇಟ್ಟೆ. ಮಾಮ ಕಿಟಕಿಯಾಚೆ ನೋಡುತ್ತಿದ್ದರು.

ಸೊರಬ ಮುಟ್ಟಿದಾಗ ಹನ್ನೆರಡು ದಾಟಿತ್ತು. ಅಮ್ಮನ ತರಗತಿ ಬಿಡುವುದು ಒಂದಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಮಾಮ ನನ್ನೊಡನೆ ಮೊದಲ ಮಾತು ಆಡಿದರು.

“ಒಂದು ತಾಸು ಐತಲ ಇನ್ನೂ. ಬಾ ಕ್ಲಿನಿಕ್ಕಿಗೆ. ಡಾಕ್ಟರಾಗಾಕಿ, ಒಬ್ಬರ ಬಾಯೊಳಗಾದ್ರೂ ಇಣುಕಿ ನೋಡಿಯೇನು?”

ಅದು ನಿನ್ನೆಯ ಮಾತಿಗೆ ಉತ್ತರವೋ ಬರೀ ಕೀಟಲೆಯೋ, ನನಗೆ ಗೊತ್ತಿಲ್ಲ. ಮೈಯುರಿದು ಹಿಂದೆ ಹೋದೆ.

ಕ್ಲಿನಿಕ್ಕಿನ ಡಾಕ್ಟರಮ್ಮ ಕಷ್ಟದ ಕೇಸಾದರೆ ಇವರನ್ನೇ ಬರಹೇಳುತ್ತಿದ್ದರಂತೆ. ಕುರ್ಚಿಯಲ್ಲಿ ಕುಪ್ಪಗಡ್ಡೆಯ ಅಜ್ಜಿಯೊಬ್ಬರು ಕೂತಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲು ಕೂರಿಸುವ ಮೊದಲು ಮೇಣದ ದಿಂಡುಗಳನ್ನು ಮೇಲೂ ಕೆಳಗೂ ಇಟ್ಟು, ದವಡೆಗಳು ಎಲ್ಲಿ ಕೂಡುತ್ತವೆ ಎಂದು ಗುರುತು ಮಾಡಿಕೊಳ್ಳಬೇಕು. ಡಾಕ್ಟರುಗಳು ಅದನ್ನು ಬೈಟ್ ಅನ್ನುತ್ತಾರೆ, ಮಾಮ ಕಚ್ಚು ಅನ್ನುತ್ತಿದ್ದರು. ಕಚ್ಚು ತಪ್ಪಿದರೆ ಸೆಟ್ಟು ಎಷ್ಟು ಚೆಂದ ಮಾಡಿದರೂ ಡಬ್ಬಿಯಲ್ಲೇ ಉಳಿಯುತ್ತದೆ. ಈ ಅಜ್ಜಿಯ ಮೊದಲ ಸೆಟ್ಟಿಗೆ ಆಗಿದ್ದೂ ಅದೇ.

“ಕಚ್ಚಿ ಅಜ್ಜಿ” ಎಂದರು ಡಾಕ್ಟರಮ್ಮ. ಅಜ್ಜಿ ಕಚ್ಚಿದರು. ಮಾಮ ಬಗ್ಗಿ ನೋಡಿ ತಲೆಯಲ್ಲಾಡಿಸಿದರು. ಮತ್ತೆ ಕಚ್ಚಿ ಎಂದರು. ಅಜ್ಜಿ ಗಟ್ಟಿಯಾಗಿ, ಕತ್ತಿನ ನರ ಉಬ್ಬುವ ಹಾಗೆ ಕಚ್ಚಿದರು. ಮತ್ತೆ ಅಲ್ಲ. ಐದಾರು ಸಲವಾಯಿತು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹನ್ನೆರಡು ಮುಕ್ಕಾಲು.

“ಕಚ್ಚಿದೆ ಅಲ್ಲನಾ ಮಾರಾಯಾ” ಎಂದರು ಅಜ್ಜಿ, ಮೇಣ ಬಾಯಿಂದ ತೆಗೆದು. “ಇನ್ನೆಂತ ಕಚ್ಚೂದು, ನಿನ್ನ ಕೈನಾ?”

ಮಾಮ ನಗುತ್ತ ನನ್ನನ್ನು ಹತ್ತಿರ ಕರೆದು ತೋರಿಸಿದರು. ಕಚ್ಚು ಅಂದ ಕೂಡಲೇ ಅಜ್ಜಿಯ ಕೆಳದವಡೆ ಮುಂದಕ್ಕೆ ನೂಕಿಕೊಂಡು ಬರುತ್ತಿತ್ತು. ಜಗಳಕ್ಕೆ ನಿಂತವರ ಗದ್ದದ ಹಾಗೆ. ಎಲ್ಲರೂ ಹೀಗೇ, ಕಚ್ಚು ಅಂದ್ರೆ ಕಚ್ಚಿ ತೋರಿಸ್ತಾರೆ, ಇದು ಸುಳ್ಳು ಕಚ್ಚು ಎಂದರು. ಆಮೇಲೆ ಕಚ್ಚುವ ಮಾತನ್ನೇ ಬಿಟ್ಟು ಅಜ್ಜಿಯ ಎದುರು ಸ್ಟೂಲು ಎಳೆದು ಕೂತರು. ಗದ್ದೆ ನಾಟಿ ಮುಗಿಯಿತೇ ಎಂದು ಕೇಳಿದರು. ಮೇಲಿನ ಗದ್ದೆಯದು ಬಾಕಿ ಎಂದರು ಅಜ್ಜಿ. ಆಳು ಸಿಗ್ತಾರೇನ್ರಿ ಎಂದರು. ಅಜ್ಜಿ ಆಳುಗಳ ಮೇಲೆ ಒಂದಿಷ್ಟು ದೂರು ಹೇಳಿಕೊಂಡರು. ಹೇಳಿ ಮುಗಿಸಿ ಗದ್ದ ಸಡಿಲಾದಾಗ ಮಾಮ ಮೇಣವನ್ನು ಮೆಲ್ಲಗೆ ಬಾಯಲ್ಲಿಟ್ಟು, ನಾಲಿಗೆ ತುದಿ ಹಿಂದೆ ಅಂಗುಳಕ್ಕೆ ಮುಟ್ಟಿಸಿ ಉಗುಳು ನುಂಗಿರಿ ಎಂದರು. ಅಜ್ಜಿ ನುಂಗಿದರು. ದವಡೆ ತಾನಾಗಿ ಹಿಂದೆ ಸರಿದು, ಮೇಣ ಮೇಣಕ್ಕೆ ಸದ್ದಿಲ್ಲದೆ ಕೂಡಿತು. ಮಾಮ ಗೀರು ಹಾಕಿಕೊಂಡರು.

ಹೊರಗೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವರು ಕ್ಯಾರಿಯರಿನ ಚಿಲಕ ಹಾಕುತ್ತ ಹೇಳಿದರು.

“ನೀನೂ ನಿನ್ನೆಯಿಂದ ಕಚ್ಚಿ ತೋರಿಸಾಕೆ ಹತ್ತಿ.”

ಇದಕ್ಕೇ ಕರೆದುಕೊಂಡು ಬಂದದ್ದು ಎಂದು ನನಗೆ ಹೊಳೆಯಿತು. ಉಪಮೆ ವಾದವಲ್ಲ ಮಾಮ ಎಂದೆ. ಅಜ್ಜಿಯ ದವಡೆಗೂ ನನ್ನ ಕಾಲೇಜಿಗೂ ಏನು ಸಂಬಂಧ, ನುಂಗಿದ ಮಾತ್ರಕ್ಕೆ ಅದೇ ಸರಿಯಾದ ಕಚ್ಚು ಅನ್ನುವುದಕ್ಕೆ ಪುರಾವೆ ಏನು, ನಿಮ್ಮ ಅನುಭವ ಪುರಾವೆಯಾಗುವುದಿಲ್ಲ ಎಂದೆಲ್ಲ ಹೇಳಿದೆ. ಅವರು ಒಪ್ಪಿಕೊಂಡರು. ಹೌದು, ವಾದ ಅಲ್ಲ, ವಾದದಾಗೆ ನಾ ಎಲ್ಲಿ ನಿನಗೆ ಸಮ ಎಂದರು. ರಸ್ತೆ ದಾಟಲು ಅಡಿಕೆ ಮೂಟೆ ಹೇರಿದ ಲಾರಿಯೊಂದು ಹೋಗಲೆಂದು ನಿಂತೆವು. ಲಾರಿ ನೋಡುತ್ತಲೇ ಅವರು ಕೇಳಿದರು.

“ದೀಪಾವಳಿಗೆ ಬರ್ತಿಯಲ್ಲ. ಯಾವ ಬಸ್ಸಿಗೆ ಬರ್ತಿ?”

“ದಾವಣಗೆರೆವರೆಗೂ ಟ್ರೇನು. ಅಲ್ಲಿಂದ ಐದೂವರೆ ಬಸ್ಸು, ಹೊನ್ನಾಳಿ ಮೇಲೆ” ಎಂದೆ.

ಲಾರಿ ಹೋಯಿತು. ಧೂಳು ಇಳಿಯಿತು. ನಾವಿಬ್ಬರೂ ರಸ್ತೆ ದಾಟಲಿಲ್ಲ.

ದಾವಣಗೆರೆಯ ಟ್ರೇನು ಬರುವುದು ಸರ್ಕಾರಿ ಕಾಲೇಜಿನ ಊರಿನಿಂದ. ಹೊರರಾಜ್ಯದಿಂದ ಬರುವವರಿಗೆ ಅದು ದಾರಿಯೇ ಅಲ್ಲ. ಆ ಬಸ್ಸಿನ ಹೊತ್ತು ನಾನು ನಾಲ್ಕು ದಿನದ ಹಿಂದೆಯೇ ಹುಡುಕಿಟ್ಟಿದ್ದೆ, ಕದ್ದು ನೋಡುವವರ ಹಾಗೆ. ಎದುರು ಪಕ್ಷದ ಅಂಶ ಸಂಗ್ರಹ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ಆದರೆ ದೊಡ್ಡ ಕಾಲೇಜಿನಿಂದ ಬರಲು ಯಾವ ಟ್ರೇನು ಎಂದು ಒಂದು ಸಲವೂ ನೋಡಿರಲಿಲ್ಲ. ಐದು ವರ್ಷ ಓದಲು ಹೊರಟವಳು ಹಿಂದೆ ಬರುವ ದಾರಿಯನ್ನೇ ನೋಡಿರಲಿಲ್ಲ.

ಮಾಮ ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಉಪಕಾರವೆಂದೇ ಎಣಿಸುತ್ತೇನೆ. “ನಡಿ, ನಿಮ್ಮವ್ವ ಕಾಯ್ತಿರ್ತಾಳ” ಎಂದು ಆನವಟ್ಟಿ ಬಸ್ಸಿನ ಕಡೆ ಹೊರಟರು. ಇನ್ನೊಂದು ಡಬ್ಬಿಯ ಬಾಯಿ ಅಲ್ಲಿಗೆ ಹೋಗಬೇಕಿತ್ತು.

ಶಾಲೆಗೆ ನಡೆದ ಆ ಹತ್ತು ನಿಮಿಷ ನನ್ನೊಳಗೆ ನಡೆದ ಚರ್ಚೆಗೆ ತೀರ್ಪುಗಾರರಿರಲಿಲ್ಲ. ಅವರು ನನ್ನನ್ನು ಸಿಕ್ಕಿಸಿದರು, ಅದು ನ್ಯಾಯವಲ್ಲ ಎಂದಿತು ಒಂದು ದನಿ. ಬಸ್ಸಿನ ಹೊತ್ತು ಗೊತ್ತಿದ್ದ ಮಾತ್ರಕ್ಕೆ ಅದೇ ಬೇಕು ಎಂದಾಗುವುದಿಲ್ಲ ಎಂದಿತು ಮತ್ತೆ ಅದೇ ದನಿ. ಎಲ್ಲ ಸರಿಯೇ. ಆದರೆ ನನ್ನನ್ನು ತಡೆಯುತ್ತಿದ್ದ ಕಾರಣ ಒಂದೇ, ಅದು ಕಾಲೇಜಿಗೆ ಸಂಬಂಧಿಸಿದ್ದೇ ಅಲ್ಲ. ಗೆದ್ದ ವಾದವನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪನನ್ನು ನಾನು ಸೋಲಿಸಿದ್ದೆ. ಅಪ್ಪ ಎರಡು ಗಂಟೆಗಾಗಿ ಕಾಯುತ್ತಿದ್ದರು.

ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತು ಬಿಸಿಯೂಟ ಮಾಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅಮ್ಮ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಅದರ ಮೇಲೆ ಅಂಗೈ ಊರಿ ಕೂತಿದ್ದರು. ನಾನು ನನ್ನ ಫೋನಿನಲ್ಲಿ ವೆಬ್‌ಸೈಟು ತೆರೆದೆ. ಅದು ಸುತ್ತಿತು. ಸುತ್ತುತ್ತಲೇ ಇತ್ತು. ಒಂದೂ ಇಪ್ಪತ್ತು, ಒಂದೂವರೆ. ಎರಡು ಸಲ ಹೊರಗೆ ತಳ್ಳಿತು. ಒಂದೂ ನಲವತ್ತಕ್ಕೆ ಪುಟ ತೆರೆಯಿತು. ನಾಲ್ಕು ಚೌಕಗಳು. ಉಗುಳು ನುಂಗಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನುಂಗಿದೆ.

“ಯಾವುದು?” ಎಂದರು ಅಮ್ಮ.

“ಒಂದು.”

ಅವರು ನಂಬಲಿಲ್ಲ. ಕನ್ನಡಕ ಹಾಕಿಕೊಂಡು, ನನ್ನ ಫೋನನ್ನು ತಾವೇ ಹಿಡಿದು ನೋಡಿದರು. ಆಮೇಲೆ ಅಂಗೈ ಎತ್ತಿ, ಓಟಿಪಿಯನ್ನು ಮಗ್ಗಿ ಹೇಳಿಕೊಡುವ ದನಿಯಲ್ಲಿ ಒಂದೊಂದೇ ಅಂಕೆಯಾಗಿ ಓದಿದರು.

ಅಪ್ಪನಿಗೆ ಫೋನು ಮಾಡಿದೆ. ಹಿಂದೆ ಯಾರದೋ ಮಾತು ಕೇಳುತ್ತಿತ್ತು, ಸೈಟಿನವರು ಬಂದು ಕೂತಿದ್ದರು. ಒಂದು ಒತ್ತಿದೆ ಎಂದೆ. ಅಪ್ಪನಿಗೆ ಅರ್ಥವಾಗಲಿಲ್ಲ, ಅವರು ಎದ್ದು ಹೊರಗೆ ಬಂದರು. ಮತ್ತೆ ಹೇಳಿದೆ.

“ಹಂಗಾದ್ರೆ ಮೊನ್ನೆ ಹೇಳಿದ್ದೆಲ್ಲ?”

“ಅದು ವಾದ ಅಪ್ಪ.”

ಆ ಕಡೆ ಒಂದು ಟ್ರ್ಯಾಕ್ಟರ್ ಹೋದ ಸದ್ದು...

“ನಾ ನಂಬಿಬಿಟ್ಟಿದ್ದೆ ತಾಯಿ” ಎಂದರು.

ಸೈಟು ಉಳಿಯಿತಲ್ಲ ಎಂದು ಜನ ಅನ್ನುತ್ತಾರೆ. ಉಳಿಯಿತು, ಹೌದು. ಆದರೆ ಆ ದಿನದಿಂದ ನಾನು ಏನೇ ಹೇಳಿದರೂ ಅಪ್ಪ ಒಂದು ಗಳಿಗೆ ತಡೆದು ನನ್ನ ಮುಖ ನೋಡುತ್ತಾರೆ. ಇದು ವಾದವೋ ಮಾತೋ ಎಂದು.

ಕಾಲೇಜು ಸೇರಿದೆ. ಸರಿಯಾದದ್ದನ್ನೇ ಆರಿಸಿದೆ ಎಂದು ಇಲ್ಲಿ ಬರೆದರೆ ಲೇಖನಕ್ಕೆ ಚೆಂದ. ನನಗೆ ಗೊತ್ತಿಲ್ಲ. ಇಲ್ಲಿ ಕುರ್ಚಿಗಳು ಹಳೆಯವು, ಕೆಲವು ಮೇಲೇಳುವುದಿಲ್ಲ. ರೋಗಿಗಳ ಸಾಲು ಮಾತ್ರ ಬೆಳಿಗ್ಗೆಯಿಂದಲೇ ಇರುತ್ತದೆ, ಕೈ ಪಳಗಿದೆ. ಅಲ್ಲಿಗೆ ಹೋಗಿದ್ದರೆ ಏನಾಗುತ್ತಿದ್ದೆ ಎನ್ನುವುದಕ್ಕೆ ಸಾಕ್ಷಿ ಹೇಳಲು ಅಲ್ಲಿಗೆ ಹೋದ ನಾನು ಇಲ್ಲ.

ರಜೆಗೆ ಬಂದಾಗೆಲ್ಲ ಮೆಟ್ಟಿಲು ಹತ್ತುತ್ತಿದ್ದೆ. ಆ ಬುಧವಾರದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಎಂದೇ ಹತ್ತುತ್ತಿದ್ದೆ. ಅವರು ನಾನು ಕೆತ್ತಿ ತಂದ ಮೇಣದ ಹಲ್ಲನ್ನು ಬೆಳಕಿಗೆ ಹಿಡಿದು, ಇದು ಯಾವ ಪ್ರಾಣಿದು ಎಂದು ಕೇಳುತ್ತಿದ್ದರು. ಮಾತು ಎಲ್ಲೋ ಹೋಗುತ್ತಿತ್ತು. ಒಮ್ಮೆ ಯಾರೋ ಕೆಳಗಿನಿಂದ ಡಾಕ್ಟರಿದಾರೇನ್ರಿ ಎಂದು ಕೂಗಿದಾಗ ಅವರು ನನ್ನ ಕಡೆ ಕೈ ತೋರಿಸಿ, “ಇದಾರೆ ಬರ್ರಿ. ನಾನಲ್ಲ, ಇವರು” ಎಂದರು. ನಕ್ಕೇ ಹೇಳಿದರು. ಅದು ಬರೀ ನಗೆಯೋ, ಎರಡು ವರ್ಷದಿಂದ ಒಳಗಿದ್ದ ಮುಳ್ಳೋ... ಆಗಲೇ ಕೇಳಬೇಕಿತ್ತು. ಅವರಿಗೆ ಕೆಮ್ಮು ಆ ಹೊತ್ತಿಗೇ ಶುರುವಾಗಿತ್ತು. ಉಜ್ಜುವ ಧೂಳು ಬಟ್ಟೆಗೆ ನಿಲ್ಲುವಂಥದ್ದಲ್ಲ. ಇದನ್ನು ಪಾಠದಲ್ಲಿ ಓದಿದ ಮೇಲೆ ಒಳ್ಳೆಯ ಮಾಸ್ಕು ಕಳಿಸುತ್ತೇನೆಂದಿದ್ದೆ. ಕಳಿಸಲಿಲ್ಲ.

ಮೂರನೆಯ ವರ್ಷದ ಪರೀಕ್ಷೆಯ ನಡುವೆ ಅಮ್ಮ ಫೋನು ಮಾಡಿ ಮಾಮ ತೀರಿಕೊಂಡರು ಎಂದರು. ಮಾರನೆಯ ದಿನ ಪೇಪರಿತ್ತು. ಹೋಗಲಿಲ್ಲ.

ಪರೀಕ್ಷೆ ಮುಗಿಸಿ ಹೋದಾಗ ಅತ್ತೆ, ಎಂದರೆ ಮಾಮನ ಹೆಂಡತಿ, ಲ್ಯಾಬನ್ನು ಖಾಲಿ ಮಾಡುತ್ತಿದ್ದರು. ಮೊಬೈಲ್ ಕವರ್ ಮಾರುವವರು ಬಾಡಿಗೆಗೆ ಕೇಳಿದ್ದರಂತೆ. ನಾನೂ ಸೇರಿ ಕಪಾಟು ಸರಿಸಿದೆ. ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ, ಗಾಜು ಬಿರುಕು ಬಿಟ್ಟ ಒಂದು ಚೌಕಟ್ಟು ಸಿಕ್ಕಿತು. ಪ್ಲಾಸ್ಟರಿನ ಧೂಳು ಒರೆಸಿದರೆ ಮೇಲ್ಗಡೆ ಒಂದು ಲಾಂಛನ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಬಣ್ಣದ ಪುಸ್ತಿಕೆಯ ರಕ್ಷಾಪುಟದಲ್ಲಿ ನೋಡಿದ್ದೆ. ಆ ದೊಡ್ಡ ಕಾಲೇಜಿನ ಲ್ಯಾಬಿನಲ್ಲಿ ಇವರು ಹನ್ನೊಂದು ವರ್ಷ ಕೆಲಸ ಮಾಡಿದ್ದಾರೆ, ಕೆಲಸ ಅತ್ಯುತ್ತಮವಾಗಿತ್ತು ಎಂದು ಬರೆದು ಸಹಿ ಹಾಕಿದ್ದರು.

ಚೌಕಟ್ಟನ್ನು ಅತ್ತೆಯ ಕಡೆ ತಿರುಗಿಸಿದೆ.

“ಲಗ್ನಕ್ಕಿಂತ ಮುಂಚೆ ಅಲ್ಲೇ ಇದ್ರು” ಎಂದರು ಅತ್ತೆ. “ಅವರಪ್ಪಗ ಆರಾಮಿಲ್ಲ ಅಂತ ಊರಿಗೆ ಬಂದೋರು ಮತ್ತೆ ಹೋಗಲಿಲ್ಲ. ನಿನಗೆ ಹೇಳಿಲ್ಲೇನು?”

ಇಲ್ಲ ಎಂದೆ. ಆ ಕಾಲೇಜಿನ ಬಗ್ಗೆ ಏನನ್ನುತ್ತಿದ್ದರು ಎಂದು ಕೇಳಿದೆ. ಏನೋ ಕಹಿ ಇರಬೇಕು, ಅದಕ್ಕೇ ಹೇಳಲಿಲ್ಲ ಎಂದು ನನ್ನ ತರ್ಕ ಆಗಲೇ ಓಡುತ್ತಿತ್ತು.

“ಭಾಳ ಚಲೋ ಕಾಲೇಜು ಅಂತಿದ್ರು. ಹಿಂದಿನ ಗೇಟಿನಾಗೆ ಬಾದಾಮಿ ಮರ ಇತ್ತಂತ, ಅದರ ಕೆಳಗೇ ಎಲ್ಲರೂ ಕೂತು ಊಟ ಮಾಡ್ತಿದ್ರಂತ. ಅಲ್ಲಿದ್ದಿದ್ರೆ ಇನ್ನೂ ಕಲೀತಿದ್ದೆ ಅಂತಿದ್ರು.”

ಅಂದರೆ ಆ ಬುಧವಾರ ನನ್ನ ಪಕ್ಷಕ್ಕೆ ಬೇಕಾದ ಸಾಕ್ಷಿ ನನ್ನೆದುರೇ ಕೂತಿತ್ತು. ನಿಮಗೇನು ಗೊತ್ತು ಎಂದು ನಾನು ಕೇಳಿದಾಗ ಎಲ್ಲ ಗೊತ್ತು, ಹನ್ನೊಂದು ವರ್ಷ ಗೊತ್ತು ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಿದ್ದರೆ ಗೆಲ್ಲುತ್ತಿದ್ದದ್ದೂ ನನ್ನ ವಾದವೇ. ಚಲೋ ಕಾಲೇಜು, ಹೋಗು ಎಂದಿದ್ದರೆ ನಾನು ಹೋಗಿಯೇಬಿಡುತ್ತಿದ್ದೆ. ಅವರು ಅದು ಖರೆ ಎಂದರು. ಯಂತ್ರ ಶುರು ಮಾಡಿದರು. ಇಷ್ಟು ಚರ್ಚೆ ಮಾಡಿದ್ದೇನೆ, ಗೆಲ್ಲುವ ಮಾತನ್ನು ಕೈಯಲ್ಲಿಟ್ಟುಕೊಂಡು ಸುಮ್ಮನಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಉಗುಳು ನುಂಗಿಸುವುದು ಅವರ ಸ್ವಂತ ಉಪಾಯ ಎಂದುಕೊಂಡಿದ್ದೆ. ಅಲ್ಲ. ನಮ್ಮ ಪಠ್ಯಪುಸ್ತಕದಲ್ಲಿದೆ, ಒಂದೂವರೆ ಸಾಲು. ಅಲ್ಲಿಯೇ ಕಲಿತಿರಬೇಕು, ಆ ದೊಡ್ಡ ಕಾಲೇಜಿನಲ್ಲಿ. ನಾನು ಹೋಗದ ಕಾಲೇಜಿನ ಪಾಠ ನನಗೆ ಸೊರಬದ ಕ್ಲಿನಿಕ್ಕಿನಲ್ಲಿ ಆಗಿತ್ತು.

ಈಗ ನಾನು ಹೌಸ್ ಸರ್ಜನ್. ನನ್ನ ಕುರ್ಚಿಗೂ ಹಲ್ಲಿಲ್ಲದ ಅಜ್ಜಂದಿರು ಬರುತ್ತಾರೆ, ಕಚ್ಚಿ ಅಂದರೆ ಕಚ್ಚಿ ತೋರಿಸುತ್ತಾರೆ. ನಾನು ಮೇಣ ತೆಗೆದಿಟ್ಟು, ಮನೆಗೆ ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಕೇಳುತ್ತೇನೆ. ಮಾಮನಲ್ಲಿ ಕೇಳಬೇಕಿದ್ದ ಕ್ಷಮೆಯನ್ನೂ ಬಹಳ ಸಲ ಕಟ್ಟಿದ್ದೇನೆ, ಮೊದಲು ಯಾವುದು ಕೊನೆಗೆ ಯಾವುದು ಎಂದು ಅಂಶ ಜೋಡಿಸಿಕೊಂಡು. ಕೇಳಿ, ಬಟ್ಟೆ ಇಳಿಸಿ, ಚಲೋ ಆತು ಅನ್ನುವವರಿಲ್ಲ.

ಸೋಮವಾರ ಬಾಟಲಿ ಒಡೆದಾಗ ಲ್ಯಾಬಿನಲ್ಲಿ ನಾನೊಬ್ಬಳೇ ಉಳಿದಿದ್ದೆ. ನೆಲದ ಮೇಲೆ ಗಾಜಿನ ಚೂರು, ಮೂಗಿನ ತುಂಬ ಆ ಮೆಟ್ಟಿಲು. ಜೂನಿಯರ್ ಒಬ್ಬಳು ಬಾಗಿಲಿನಿಂದ ಇಣುಕಿ, ಹೊರಗೆ ಬನ್ನಿ ಅಕ್ಕ, ಕಣ್ಣು ಉರಿಯಲ್ವಾ ಎಂದಳು.

ಉರಿಯುತ್ತೆ ಎಂದೆ. ಅದಕ್ಕೆ ಆ ಕಡೆಯ ವಾದ ಏನೂ ಹೊಳೆಯಲಿಲ್ಲ.